ಮೂಲೆ ಪಾತಿಯ ಅರವತ್ತಮೂರು ಗಿಡ

ಸೀಸೆಯೊಳಗೆ ರಾಗಿ ಬೆಳೆಸುವುದು ನನ್ನ ಕೆಲಸ ಎಂದರೆ ವಕ್ಕಲೇರಿಯಲ್ಲಿ ನಗದವರಿರಲಿಲ್ಲ. ಹೊಲ ಇಲ್ಲದವರು ಇನ್ನೆಲ್ಲಿ ಬೆಳೆಯುತ್ತಾರೆ ಎಂದು ನಮ್ಮ ಬೀದಿಯವರು ಆಡಿಕೊಳ್ಳುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ನಮಗಿದ್ದದ್ದು ಒಂದು ಸೀಮೆ ಹಸು ಮತ್ತು ಅದನ್ನು ಕಟ್ಟುವಷ್ಟು ಹಿತ್ತಲು. ಅಪ್ಪ ಮುನಿಶಾಮಿ ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಕಲಸುತ್ತಿದ್ದ, ತಿಂಗಳಿಗೆ ಎರಡು ಸಲ ಮನೆಗೆ ಬರುತ್ತಿದ್ದ. ಅಮ್ಮ ಮುನಿಯಲ್ಲಮ್ಮ ಕಂಡವರ ಹೊಲದಲ್ಲಿ ಕಳೆ ಕೀಳುತ್ತಿದ್ದಳು.

ಕಳೆ ಕೀಳುವುದು ಎಂದು ಹಗುರವಾಗಿ ಬರೆದುಬಿಟ್ಟೆ. ಈ ಹಗುರತನವೇ ನನ್ನನ್ನು ಕೆಡಿಸಿದ್ದು, ಆದ್ದರಿಂದ ಸರಿಯಾಗಿ ಹೇಳುತ್ತೇನೆ. ರಾಗಿ ಪೈರಿನ ನಡುವೆ ಕಾಡುರಾಗಿ ಎಂಬ ಕಳೆ ಬರುತ್ತದೆ. ತೆನೆ ಕಾಣುವ ತನಕ ರಾಗಿಯೂ ಅದೂ ಅಕ್ಕತಂಗಿಯರಂತೆ ಇರುತ್ತವೆ. ತೆನೆ ಬಂದ ಮೇಲೆ ಯಾರು ಬೇಕಾದರೂ ಗುರುತಿಸಬಹುದು, ಅಷ್ಟು ಹೊತ್ತಿಗೆ ಅದು ಗೊಬ್ಬರವನ್ನೆಲ್ಲ ತಿಂದು ತೇಗಿರುತ್ತದೆ. ನಾಟಿಯಾದ ತಿಂಗಳೊಳಗೆ ಅದನ್ನು ಗುರುತಿಸಿ ಕೀಳುವ ಕಣ್ಣು ಊರಿಗೊಬ್ಬರಿಗೋ ಇಬ್ಬರಿಗೋ ಇರುತ್ತದೆ. ನಮ್ಮೂರಲ್ಲಿ ಆ ಕಣ್ಣು ಅಮ್ಮನದು. ಕ್ಯಾಲನೂರಿನಿಂದ, ಹೋಳೂರಿನಿಂದ ಗಾಡಿ ಕಟ್ಟಿಕೊಂಡು ಬಂದು ಅವಳನ್ನು ಕರೆದೊಯ್ಯುತ್ತಿದ್ದರು. ಬಗ್ಗಿ ತೆಲುಗಿನಲ್ಲಿ ಒಕಟಿ, ರೆಂಡು ಎಂದು ಎಣಿಸಿಕೊಂಡು ಹೋಗುತ್ತಿದ್ದಳು. ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರೆ, ಬುಡ ನೋಡಿದರೆ ಗೊತ್ತಾಗುತ್ತದೆ ಎನ್ನುವಳು. ನಾನೂ ಬುಡ ನೋಡಿದ್ದೇನೆ, ನನಗೆ ಗೊತ್ತಾಗಿಲ್ಲ.

ಆ ಕೂಲಿಯಲ್ಲೇ ನಾನು ಬೆಂಗಳೂರಿನಲ್ಲಿ ಎಂ.ಎಸ್ಸಿ. ಮುಗಿಸಿದೆ. ೧೯೮೧ರಲ್ಲಿ ಕೋಲಾರದ ಹೊರಗೆ, ಶ್ರೀನಿವಾಸಪುರದ ರಸ್ತೆಯಲ್ಲಿದ್ದ ಒಂದು ರಾಗಿ ಸಂಶೋಧನಾ ಕೇಂದ್ರಕ್ಕೆ ಸೇರಿದೆ. ನನ್ನ ಮಾರ್ಗದರ್ಶಕರು ಮುಳಬಾಗಿಲಿನ ಡಾಕ್ಟರ್ ಚನ್ನರಾಯಪ್ಪ. ಒಳ್ಳೆಯವರೇ, ಆದರೆ ದಿಲ್ಲಿಯಿಂದ ಕಾಗದ ಬಂದರೆ ಕೈ ನಡುಗುವ ಒಳ್ಳೆಯತನ. ಮೊದಲ ದಿನ ಅವರು ಮನೆಯ ಕಡೆ ಏನು ಮಾಡುತ್ತಾರಮ್ಮ ಎಂದು ಕೇಳಿದರು. ಬೇಸಾಯಗಾರರು ಸಾರ್, ಸ್ವಲ್ಪ ಹಿಪ್ಪುನೇರಳೆಯೂ ಇದೆ ಎಂದೆ. ಯಾವ ಹಿಪ್ಪುನೇರಳೆಯೋ ದೇವರೇ ಬಲ್ಲ.

ನಮ್ಮ ಕೆಲಸವನ್ನು ಹೀಗೆ ಹೇಳಬಹುದು. ರಾಗಿಯ ಪ್ರೋಟೀನಿನಲ್ಲಿ ಲೈಸೀನ್ ಎಂಬ ಒಂದು ಅಂಶ ಕಡಿಮೆ. ಮುದ್ದೆಯನ್ನೇ ನಂಬಿ ಬೆಳೆಯುವ ಮಕ್ಕಳಿಗೆ ಅದರ ಕೊರತೆ ತಟ್ಟುತ್ತದೆ. ಗಿಡದ ಜೀವಕೋಶ ತನಗೆ ಬೇಕಾದಷ್ಟು ಲೈಸೀನ್ ಮಾಡಿಕೊಂಡು, ಇಷ್ಟು ಸಾಕು ಎಂದು ನಿಲ್ಲಿಸಿಬಿಡುತ್ತದೆ. ಸಾಕು ಎನ್ನುವುದನ್ನೇ ಮರೆತ, ತಳಿಗೆಟ್ಟ ಒಂದು ಜೀವಕೋಶವನ್ನು ಹುಡುಕಬೇಕು. ಇಂಗ್ಲಿಷಿನಲ್ಲಿ ಅದನ್ನೇ ಮ್ಯುಟೆಂಟ್ ಎಂದು ಗೌರವದಿಂದ ಕರೆಯುತ್ತೇವೆ. ರಾಗಿ ಕಾಳನ್ನು ತೊಳೆದು, ಸಕ್ಕರೆ, ಉಪ್ಪುಗಳು, ಎಳನೀರು ಹಾಕಿ ಹೆಪ್ಪುಗಟ್ಟಿಸಿದ ತಿಳಿಯ ಮೇಲೆ ಸೀಸೆಯೊಳಗೆ ಇಟ್ಟರೆ ಅದು ಮೊಳಕೆಯೊಡೆಯದೆ ಬರೀ ಗಡ್ಡೆಯಾಗಿ ಉಬ್ಬುತ್ತದೆ. ಆ ಗಡ್ಡೆಯನ್ನು ಚೂರು ಮಾಡಿ, ಲೈಸೀನಿನ ವೇಷ ಹಾಕಿದ ಒಂದು ವಿಷದ ಮೇಲೆ ಇಡಬೇಕು. ಮೋಸಹೋದ ಜೀವಕೋಶಗಳು ಅದನ್ನು ನುಂಗಿ ಸಾಯುತ್ತವೆ. ಮನೆಯಲ್ಲೇ ಲೈಸೀನ್ ತುಂಬಿ ತುಳುಕುತ್ತಿರುವ ಜೀವಕೋಶ ಮಾತ್ರ ಬದುಕುತ್ತದೆ.

ಎರಡು ವರ್ಷದಲ್ಲಿ ಹನ್ನೊಂದು ಸಾವಿರ ಚೂರುಗಳು ನನ್ನ ಕಣ್ಣೆದುರು ಕಪ್ಪಾದವು. ಇನ್ನೂರ ಹನ್ನೆರಡನೇ ನಂಬರಿನ ಸೀಸೆಯಲ್ಲಿ ಮಾತ್ರ ಸಾಸಿವೆಯಷ್ಟು ಹಳದಿ ಉಳಿಯಿತು. ಮೂರು ವಾರಕ್ಕೊಮ್ಮೆ ಅದನ್ನು ಹೊಸ ಸೀಸೆಗೆ ಬದಲಿಸುತ್ತ, ಜ್ವರವಿದ್ದಾಗಲೂ ರಜೆ ಹಾಕದೆ ಸಾಕಿದೆ. ಅದು ಬೆಳೆಯಿತು. ಅಳೆದು ನೋಡಿದರೆ ಲೈಸೀನ್ ಮಾಮೂಲಿಗಿಂತ ಎರಡು ಪಟ್ಟು, ಪ್ರೋಟೀನು ಒಂದೂಕಾಲು ಪಟ್ಟು. ನಂಬದೆ ಮೂರು ಸಲ ಅಳೆದೆ. ಚನ್ನರಾಯಪ್ಪನವರು ತಾವೇ ಒಮ್ಮೆ ಅಳೆದು, ಕನ್ನಡಕ ಒರೆಸಿಕೊಂಡು, ಇದನ್ನು ಯಾರಿಗೂ ಹೇಳಬೇಡ ಎಂದರು. ಸಂಜೆಯೊಳಗೆ ಅವರೇ ಎಲ್ಲರಿಗೂ ಹೇಳಿದ್ದರು.

ಆದರೆ ಸೀಸೆಯ ಗಡ್ಡೆಯನ್ನು ಯಾರೂ ಮುದ್ದೆ ಕಟ್ಟಿ ತಿನ್ನುವುದಿಲ್ಲ. ಗಡ್ಡೆಯಲ್ಲಿರುವ ಗುಣ ಕಾಳಿನಲ್ಲೂ ಬರುತ್ತದೆಯೇ ಎಂಬುದೇ ಇಡೀ ಪ್ರಶ್ನೆ. ಗಡ್ಡೆಯನ್ನು ಚಿಗುರಿಸಿ ಹೇಗೋ ಒಂಬತ್ತು ಗಿಡ ಮಾಡಿದೆವು. ಏಳು ಸತ್ತವು. ಎರಡು ಗಿಡಗಳು ಬಡಕಲು ತೆನೆ ಬಿಟ್ಟು ಒಣಗಿದವು. ಎರಡರಿಂದಲೂ ಸೇರಿ ಸಿಕ್ಕ ಕಾಳು ಎಪ್ಪತ್ತೊಂದು. ಆಮೇಲೆ ಗಡ್ಡೆ ಮತ್ತೆ ಚಿಗುರಲೇ ಇಲ್ಲ. ಸೀಸೆಯಲ್ಲಿ ಬಹಳ ಕಾಲ ಇದ್ದದ್ದಕ್ಕೆ ಗಿಡವಾಗುವುದು ಮರೆತುಹೋಗುತ್ತದೆ.

ಅರ್ಧ ಕಾಳನ್ನು ಬಿತ್ತನೆಗೆಂದು ಎತ್ತಿಡಬೇಕಿತ್ತು. ಊಟಕ್ಕಿಲ್ಲದ ರೈತನೂ ಅಷ್ಟು ಮಾಡುತ್ತಾನೆ. ಆದರೆ ೧೯೮೪ರ ಸೆಪ್ಟೆಂಬರಿಗೆ ದಿಲ್ಲಿಯಿಂದ ಪರಿಶೀಲನೆಗೆ ಮೂವರು ಬರುವವರಿದ್ದರು. ಅವರ ಕಣ್ಣಿಗೆ ಪೈರು ತುಂಬಿಕೊಂಡು ಕಾಣಬೇಕು ಎಂದು ಚನ್ನರಾಯಪ್ಪನವರು ಅಷ್ಟನ್ನೂ ಹಾಕಿಸಿದರು. ನಾನು ಬೇಡ ಎನ್ನಲಿಲ್ಲ. ಅರವತ್ತಮೂರು ಸಸಿ ಬಂದವು. ಕೇಂದ್ರದ ಪೂರ್ವದ ಮೂಲೆಯ ಪಾತಿಯಲ್ಲಿ ಅವುಗಳನ್ನು ಮಾಮೂಲಿ ರಾಗಿಯ ನೂರೈವತ್ತು ಸಸಿಗಳ ನಡುವೆ ಬೆರೆಸಿ ನೆಟ್ಟೆವು. ಯಾವುದು ಯಾವುದೆಂದು ಗೊತ್ತಿದ್ದರೆ ಅಳೆಯುವವನ ಕೈ ಆಸೆಯ ಕಡೆ ವಾಲುತ್ತದೆ, ಅದಕ್ಕೇ ಗಿಡಕ್ಕೆ ಚೀಟಿಯನ್ನೂ ಕಟ್ಟಲಿಲ್ಲ. ಯಾವ ಜಾಗದಲ್ಲಿ ಯಾವುದಿದೆ ಎಂಬ ನಕ್ಷೆ ನನ್ನ ನೋಟ್ ಪುಸ್ತಕದಲ್ಲಿ ಮಾತ್ರ ಇತ್ತು. ಡಿಸೆಂಬರಿನಲ್ಲಿ ಆ ಗಿಡಗಳ ಕಾಳು ಕೈಗೆ ಬಂದರೆ ನನ್ನ ಡಾಕ್ಟರೇಟ್, ನನ್ನ ಕಾಯಂ ಕೆಲಸ, ಎಲ್ಲ ಬಂದಂತೆ.

ಆಗಸ್ಟಿನಲ್ಲಿ ಕೇಂದ್ರಕ್ಕೆ ಕಳೆ ಕೀಳಲು ಹೆಂಗಸರು ಬಂದರು. ಮೇಸ್ತ್ರಿ ಲಾರಿಯಲ್ಲಿ ಕರೆತಂದ ಹನ್ನೆರಡು ಜನರಲ್ಲಿ ಅಮ್ಮನೂ ಇದ್ದಳು. ನಾನು ಚನ್ನರಾಯಪ್ಪನವರ ಜೊತೆ ಬದುವಿನ ಮೇಲೆ ಬರುತ್ತಿದ್ದೆ. ಅಮ್ಮ ತಲೆ ಎತ್ತಿದಳು, ನನ್ನನ್ನು ನೋಡಿದಳು, ಪಕ್ಕದಲ್ಲಿದ್ದ ಸಾಹೇಬರನ್ನು ನೋಡಿದಳು, ಮತ್ತೆ ಬಗ್ಗಿದಳು. ಮೊದಲು ಮುಖ ತಿರುಗಿಸಿದವಳು ಅವಳೇ. ಅದನ್ನು ಗಟ್ಟಿಯಾಗಿ ಹಿಡಿದುಕೊಂಡವಳು ನಾನು. ಆಮೇಲೆ ಹದಿನೈದು ದಿನ ಅವಳು ನನ್ನಿಂದ ಹತ್ತು ಮಾರು ದೂರದಲ್ಲಿ ಕೆಲಸ ಮಾಡಿದಳು, ನಾನು ಒಂದು ಮಾತನ್ನೂ ಆಡಲಿಲ್ಲ. ಮಧ್ಯಾಹ್ನ ಅವರೆಲ್ಲ ಹುಣಸೆ ಮರದ ಕೆಳಗೆ ಬುತ್ತಿ ಬಿಚ್ಚುವಾಗ ನಾನು ಕಿಟಕಿ ಮುಚ್ಚಿಕೊಂಡು ನನ್ನ ಡಬ್ಬಿ ತೆಗೆಯುತ್ತಿದ್ದೆ. ಎರಡರಲ್ಲೂ ಒಂದೇ ಹುರುಳಿ ಸಾರಿನ ರುಚಿ ಎಂಬುದು ನನಗೆ ಗೊತ್ತಿತ್ತು.

ನಾನು ಕೋಲಾರದಲ್ಲಿ ಬಾಡಿಗೆಯ ಕೋಣೆಯಲ್ಲಿದ್ದೆ. ಒಂದು ಭಾನುವಾರ ಊರಿಗೆ ಹೋದಾಗ ಅಮ್ಮ ಹಾಲು ಕರೆಯುತ್ತ, ಆ ಮೂಲೆ ಪಾತಿ ನಿಂದಾ ಎಂದು ಕೇಳಿದಳು. ಹೂಂ ಎಂದೆ. ಅದರಲ್ಲಿ ಏನು ಹಾಕಿದ್ದೀಯ ಎಂದಳು.

“ರಾಗಿ. ಬಿಡಮ್ಮ, ಅದೆಲ್ಲ ನಿಂಗೆ ಅರ್ಥ ಆಗಲ್ಲ.”

ಅಮ್ಮ ಹಾಲು ಕರೆಯುತ್ತಲೇ ಇದ್ದಳು. ಪಾತಿ ಸ್ವಲ್ಪ ಹೊಲಸಾಗಿದೆ, ಯಾರೂ ಅದರೊಳಗೆ ಇಳಿಯುವುದಿಲ್ಲವೇ ಎಂದು ಮಾತ್ರ ಕೇಳಿದಳು. ಸಾಹೇಬರು ಇಳಿಯಬೇಡಿ ಎಂದಿದ್ದಾರೆ ಎಂದೆ. ಅವಳು ಇನ್ನೂ ಏನೋ ಹೇಳುವವಳಿದ್ದಳು. ನನಗೆ ಬಸ್ಸಿಗೆ ಹೊತ್ತಾಗಿತ್ತು.

ದಿಲ್ಲಿಯವರು ಸೋಮವಾರ ಹತ್ತಕ್ಕೆ ಬರುವುದೆಂದು ಗೊತ್ತಾಯಿತು. ಇಡೀ ವಾರ ಬದುಗಳಿಗೆ ಸುಣ್ಣ ಬಳಿದೆವು. ಶನಿವಾರ ಕೂಲಿಯವರನ್ನೆಲ್ಲ ಸೋಮವಾರ ಬನ್ನಿ ಎಂದು ಕಳಿಸಿದೆವು. ಸೋಮವಾರ ಎಂಟಕ್ಕೆ ಪಾತಿಯ ಹತ್ತಿರ ಹೋದ ನಾನು ಮೊದಲು ಸಂತೋಷವನ್ನೇ ಪಟ್ಟೆ, ಅಷ್ಟು ಚೊಕ್ಕಟವಾಗಿತ್ತು. ಆಮೇಲೆ ಗಿಡಗಳ ನಡುವಿನ ಖಾಲಿ ಜಾಗ ಕಂಡಿತು. ನೋಟ್ ಪುಸ್ತಕ ತೆಗೆದು ನಕ್ಷೆಯೊಂದಿಗೆ ತಾಳೆ ನೋಡಿದೆ. ಮೊದಲ ಸಾಲು, ಮೂರನೆಯ ಜಾಗ ಖಾಲಿ. ಏಳನೆಯದು ಖಾಲಿ. ಎಂಟು ಖಾಲಿ. ಕೊನೆಯ ಸಾಲಿನ ತನಕ ಹೀಗೇ ನೋಡುತ್ತ ಹೋದೆ. ಅರವತ್ತಮೂರಕ್ಕೆ ಅರವತ್ತಮೂರೂ ಹೋಗಿದ್ದವು. ಮಾಮೂಲಿ ರಾಗಿಯ ಒಂದು ಗಿಡವೂ ಅಲುಗಿರಲಿಲ್ಲ. ಹಾಗೆ ಆರಿಸಲು ನನಗೆ ನಕ್ಷೆ ಬೇಕಿತ್ತು. ನಕ್ಷೆಯಿಲ್ಲದೆ ಅದನ್ನು ಮಾಡಬಲ್ಲ ಒಬ್ಬಳೇ ಒಬ್ಬಳು ನನಗೆ ಗೊತ್ತಿದ್ದಳು.

ಆ ತಳಿಗೆಟ್ಟ ಗಿಡಗಳು ನೋಡಲು ಹೇಗಿದ್ದವು ಎಂಬುದು ಆಗ ಹೊಳೆಯಿತು. ಕಿರಿದಾದ ಎಲೆ, ಚಪ್ಪಟೆ ಬುಡ, ನೆಲಕ್ಕೆ ಹರಡಿಕೊಂಡ ಕವಲು. ಥೇಟು ಕಾಡುರಾಗಿ.

ಚನ್ನರಾಯಪ್ಪನವರು ಬಂದರು. ಅವರು ಕೂಗಾಡಲಿಲ್ಲ, ಬದುವಿನ ಮೇಲೆ ಕುಳಿತುಬಿಟ್ಟರು, ಅದು ಇನ್ನೂ ಕಷ್ಟವಾಗಿತ್ತು. ಕಾವಲುಗಾರ ಗಂಗುಲಪ್ಪನನ್ನು ಕರೆಸಿದರು. ನಿನ್ನೆ ಬೆಳಿಗ್ಗೆ ವಕ್ಕಲೇರಿಯ ಮುನಿಯಲ್ಲಮ್ಮ ಬಂದಿದ್ದಳು, ಸಾಹೇಬರುಗಳು ಬರ್ತಾರೆ, ಒಂದು ಪಾತಿ ಬಾಕಿ ಇದೆ ಅಂದಳು, ಬಿಟ್ಟೆ ಎಂದ. ಕೂಲಿ ಬರೆಸಿದಳೇ ಎಂದು ಕೇಳಿದರು. ಇಲ್ಲ, ಕೂಲಿ ಬೇಡ ಅಂದಳು ಸಾರ್ ಎಂದ.

ಅಷ್ಟರಲ್ಲಿ ಲಾರಿ ಬಂದು ಹೆಂಗಸರು ಇಳಿದರು. ಚನ್ನರಾಯಪ್ಪನವರು ಅಮ್ಮನನ್ನು ಕರೆದರು. ಅವಳು ಹೊಸ ಸೀರೆ ಉಟ್ಟಿದ್ದಳು. ಅಪ್ಪ ಮಾಲೂರಿನಿಂದ ತಂದಿದ್ದ ನೀಲಿಯ ಸೀರೆ. ದೊಡ್ಡ ಸಾಹೇಬರು ಬರುವ ದಿನವೆಂದು ಉಟ್ಟಿರಬೇಕು. ಪಾತಿ ತೋರಿಸಿ, ಇದನ್ನು ಯಾರು ಮಾಡು ಅಂದರು ಎಂದು ಚನ್ನರಾಯಪ್ಪನವರು ಕೇಳಿದರು. ಯಾರೂ ಅನ್ನಲಿಲ್ಲ ಸಾಮಿ, ಕಾಡುರಾಗಿ ಬಿದ್ದಿತ್ತು, ಕಿತ್ತೆ ಎಂದಳು. ಕಿತ್ತದ್ದು ಎಲ್ಲಿ? ಹಸುವಿಗೆ ಹಾಕಿದೆ. ಕೂಲಿ ಬೇಡ ಅಂತ ಯಾರಾದರೂ ಭಾನುವಾರ ಕಳೆ ಕೀಳುತ್ತಾರಾ, ನಿನಗೆ ಯಾರು ಏನು ಕೊಟ್ಟರು ಎಂದು ಅವರು ದನಿ ಏರಿಸಿದರು. ಅಮ್ಮ ನನ್ನ ಕಡೆ ನೋಡಲಿಲ್ಲ. ನೋಡದೆ ಇರಲು ಅವಳು ಪಡುತ್ತಿದ್ದ ಕಷ್ಟ ನನಗೆ ಕಾಣುತ್ತಿತ್ತು. ಆಗ ಚನ್ನರಾಯಪ್ಪನವರು ನನ್ನ ಕಡೆ ತಿರುಗಿದರು.

“ನೀನೂ ವಕ್ಕಲೇರಿಯವಳೇ ಅಲ್ವೇನಮ್ಮ ಆದಿಲಕ್ಷ್ಮಿ? ಈಕೆ ನಿನಗೆ ಗೊತ್ತಾ?”

“ಗೊತ್ತಿಲ್ಲ ಸಾರ್. ಯಾರೋ ಕೂಲಿಯವರು.”

ಇದಕ್ಕೆ ಆಮೇಲೆ ನಾನು ಬಹಳ ಕಾರಣಗಳನ್ನು ಹೊಲಿದುಕೊಂಡೆ. ತಾಯಿ ಎಂದಿದ್ದರೆ, ಸುಳ್ಳು ಅಂಕಿ ಬರೆದು ಈಗ ಬಯಲಾಗುತ್ತದೆಂದು ಅಮ್ಮನ ಕೈಯಲ್ಲಿ ಕೀಳಿಸಿದಳು ಎನ್ನುತ್ತಿದ್ದರು, ನನ್ನ ಮೂರು ವರ್ಷದ ಕೆಲಸವೇ ಕಳಂಕವಾಗುತ್ತಿತ್ತು, ಹೀಗೆಲ್ಲ. ಒಳ್ಳೆಯ ಕಾರಣಗಳೇ. ಆದರೆ ಅವೆಲ್ಲ ಹುಟ್ಟಿದ್ದು ಬಾಯಿಂದ ಮಾತು ಬಿದ್ದ ಮೇಲೆ. ಬೀಳುವಾಗ ಇದ್ದದ್ದು ನಾಚಿಕೆ ಒಂದೇ. ಅಮ್ಮ ನೀಲಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹೌದು ಸಾಮಿ, ಕೂಲಿಯವಳು ಎಂದಳು. ಇನ್ನು ಮುಂದೆ ಈ ಗೇಟಿನೊಳಗೆ ಕಾಲಿಡಬೇಡ ಎಂದರು. ನಡೆದುಕೊಂಡೇ ಹೋದಳು.

ಹತ್ತಕ್ಕೆ ದಿಲ್ಲಿಯವರು ಬಂದರು. ಮೂಲೆ ಪಾತಿಯ ಮುಂದೆ ನಿಂತು, ಒಂದು ಕಳೆಯೂ ಇಲ್ಲ, ಎಷ್ಟು ಚೊಕ್ಕವಾಗಿ ಇಟ್ಟಿದ್ದೀರಿ ಎಂದು ಮೆಚ್ಚಿಕೊಂಡರು. ಚನ್ನರಾಯಪ್ಪನವರು ಹಲ್ಲು ಕಚ್ಚಿಕೊಂಡು ನಿಜವನ್ನು ಅರ್ಧಕ್ಕೆ ಹೇಳಿದರು, ಗಿಡಗಳು ಉಳಿಯಲಿಲ್ಲ ಎಂದರು. ವರದಿಯಲ್ಲಿ ಕಾರಣ ಕಾಣಿಸಬೇಕಲ್ಲ, ಕೀಟಬಾಧೆ ಎಂದು ಬರೆಸಿದರು. ಟೈಪು ಮಾಡಿದವಳು ನಾನೇ. ಹೀಗೆ ಸರ್ಕಾರಿ ಕಾಗದದಲ್ಲಿ ನಮ್ಮಮ್ಮ ಕೀಟವಾದಳು. ಮಾರ್ಚಿಗೆ ಯೋಜನೆ ಮುಚ್ಚಿತು. ಸೀಸೆಯ ಅಂಕಿಗಳನ್ನೇ ಹಿಗ್ಗಿಸಿ ಬರೆದು ನಾನು ಡಾಕ್ಟರೇಟ್ ತೆಗೆದುಕೊಂಡೆ. ಕಾಳಿನಲ್ಲಿ ಏನಿರುತ್ತಿತ್ತು ಎಂಬುದು ಯಾರಿಗೂ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ.

ಆದರೆ ನಾನು ಹೇಳಲು ಹೊರಟದ್ದು ಇದಲ್ಲ. ಆ ಸೋಮವಾರದ ನಂತರ ಮೂರು ವಾರ ನಾನು ಊರಿಗೆ ಹೋಗಲಿಲ್ಲ. ಕೋಪವೂ ಇತ್ತು, ಅದು ಅಮ್ಮನ ಮೇಲೋ ನನ್ನ ಮೇಲೋ ಎಂದು ಬೇರ್ಪಡಿಸಿ ನೋಡುವ ಧೈರ್ಯ ಇರಲಿಲ್ಲ. ಕೊನೆಗೆ ಒಂದು ಭಾನುವಾರ ಹೋದೆ. ಅಮ್ಮ ಕೊಟ್ಟಿಗೆ ಬಳಿಯುತ್ತಿದ್ದಳು. ತಡವಾಗಿ ನೆಟ್ಟ ಹೊಲಗಳ ಕಳೆ ಕಾಲ ಅದು, ಅವಳು ಮನೆಯಲ್ಲಿ ಇರುವ ದಿನಗಳೇ ಅಲ್ಲ. ಯಾರೂ ಕರೆದಿಲ್ಲವೇ ಎಂದು ಕೇಳಿದೆ. ಕರೆದಿಲ್ಲ ಎಂದಳು. ಮುನಿಯಲ್ಲಮ್ಮನಿಗೆ ಕಣ್ಣು ಹೋಯಿತು, ಸಾಹೇಬರ ಒಳ್ಳೆ ರಾಗಿಯನ್ನೆಲ್ಲ ಕಳೆ ಅಂತ ಕಿತ್ತುಹಾಕಿದಳು ಎಂದು ಗಂಗುಲಪ್ಪ ಸಂತೆಯಲ್ಲಿ ಹೇಳಿದ್ದನಂತೆ. ಕ್ಯಾಲನೂರಿನವರು ಗಾಡಿ ಕಳಿಸಲಿಲ್ಲ, ಹೋಳೂರಿನವರು ಬೇರೆಯವರನ್ನು ಕರೆದರು.

ತಪ್ಪು ನನ್ನದಾದರೂ ಬೈದವಳು ನಾನೇ. ಯಾಕೆ ಕಿತ್ತೆ, ನನ್ನನ್ನು ಒಂದು ಮಾತು ಕೇಳಬಾರದಿತ್ತೇ ಎಂದೆ. ಕೇಳಿದೆನಲ್ಲ, ನನಗೆ ಅರ್ಥ ಆಗಲ್ಲ ಅಂದವಳು ನೀನೇ ಎಂದಳು. ಇಷ್ಟು ಜನ ಸಾಹೇಬರು ಬರುವಾಗ ಮಗಳ ಪಾತಿಯಲ್ಲಿ ಕಳೆ ನಿಂತಿದ್ದರೆ ಅವಮಾನವಲ್ಲವೇ ಎಂದೂ ಹೇಳಿದಳು. ಆಮೇಲೆ ಕೈಯಲ್ಲಿದ್ದ ಪೊರಕೆಯನ್ನು ಗೋಡೆಗೆ ಒರಗಿಸಿ, ಬಚ್ಚಲ ನೀರು ಹರಿಯುವ ಕಡೆ ಕೈ ತೋರಿಸಿದಳು. ಅಲ್ಲಿ ಐದು ಗಿಡ ನೆಟ್ಟಿದ್ದೆ ಎಂದಳು.

ನಾನು ಆ ಕಡೆ ನೋಡಿದೆ, ಬರೀ ಒದ್ದೆ ಮಣ್ಣಿತ್ತು. ಅವಳೇ ಹೇಳಿದಳು. ಕಾಡುರಾಗಿ ಮಣ್ಣನ್ನು ಕಚ್ಚಿಕೊಂಡಿರುತ್ತದೆ, ಕಿತ್ತರೆ ಬೆರಳು ನೋಯುತ್ತದೆ. ಇವು ಕೈ ಹಾಕಿದರೆ ಬಂದುಬಿಡುತ್ತಿದ್ದವು. ಅರ್ಧ ಪಾತಿ ಆದ ಮೇಲೆ ಅನುಮಾನ ಬಂತು, ಆದರೆ ನೋಡಲು ಕಾಡುರಾಗಿಯೇ. ಇರಲಿ ಎಂದು ಎಲ್ಲ ಕಿತ್ತು, ಮನೆಗೆ ತಂದ ಹೊರೆಯಲ್ಲಿ ಚೆನ್ನಾಗಿದ್ದ ಐದನ್ನು ನೆಟ್ಟಳು, ನನಗೆ ತೋರಿಸಿ ಕೇಳೋಣವೆಂದು. ಐದೂ ಬಾಡದೆ ನಿಂತವು. ಸೋಮವಾರ ಸಾಹೇಬರ ಸಿಟ್ಟು ನೋಡಿ ಅವುಗಳ ಬೆಲೆ ಏನೆಂದು ಅವಳಿಗೆ ಗೊತ್ತಾಯಿತು, ಐದು ಮನೆಯಲ್ಲಿವೆ ಎಂದರೆ ಕದ್ದೆ ಎನ್ನುತ್ತಾರೆಂದು ಅಲ್ಲಿ ಹೇಳಲಿಲ್ಲ. ಬುಧವಾರ ಮಣ್ಣು ಸಮೇತ ಸೀಮೆಎಣ್ಣೆ ಡಬ್ಬದಲ್ಲಿಟ್ಟುಕೊಂಡು ಬಸ್ಸು ಹತ್ತಿ ಗೇಟಿಗೆ ಬಂದಳು.

“ಮೇಡಮ್ನೋರ್ನ ನೋಡ್ಬೇಕು ಅಂದೆ. ಅವ್ರಿಗೆ ನೀನು ಏನಾಗ್ಬೇಕು ಅಂದ ಗಂಗುಲಪ್ಪ. ಏನೂ ಆಗ್ಬೇಕಾಗಿಲ್ಲ ಅಂದೆ. ನೀನು ಎಲ್ರ ಮುಂದೆ ಹೇಳಿದ್ದು ಅದೇ ಅಲ್ವ, ನಾನು ಬೇರೆ ಹೇಳಿದ್ರೆ ನೀನು ಸುಳ್ಳಿ ಆಗ್ತಿದ್ದೆ ಕಣೇ.”

ಗಂಗುಲಪ್ಪ ಡಬ್ಬದೊಳಗೆ ಇಣುಕಿ, ಮತ್ತೆ ಕಾಡುರಾಗಿ ತಂದೆಯಾ ಎಂದು ನಕ್ಕನಂತೆ. ಸಾಹೇಬರ ಅಪ್ಪಣೆಯಿಲ್ಲ, ಆ ಹೆಂಗಸಿನದು ಒಂದು ಕಡ್ಡಿಯೂ ಒಳಗೆ ಹೋಗಬಾರದು ಎಂದನಂತೆ. ಶುಕ್ರವಾರ ಮತ್ತೆ ಹೋದಳು. ಮಧ್ಯಾಹ್ನದ ತನಕ ಹುಣಸೆ ಮರದ ಈಚೆ, ರಸ್ತೆಯಲ್ಲಿ ನಿಂತಿದ್ದಳು. ಎರಡು ಸಲ ಬಸ್ಸಿನಲ್ಲಿ ಕುಲುಕಿ, ಬಿಸಿಲಿನಲ್ಲಿ ನಿಂತು ಗಿಡಗಳು ಬಾಡಿದ್ದವು. ಮನೆಗೆ ತಂದು ನೀರು ಹಾಕಿದಳು, ನಾನು ಬರುತ್ತೇನೆಂದು ಆ ಭಾನುವಾರ ಕಾದಳು, ಮುಂದಿನ ಭಾನುವಾರವೂ ಕಾದಳು. ಒಣಗಿದ ಮೇಲೆ ಅವನ್ನೂ ಹಸುವಿಗೆ ಹಾಕಿದಳು.

ಆ ಶುಕ್ರವಾರ ನಾನು ಕೇಂದ್ರದಲ್ಲೇ ಇದ್ದೆ. ಕೀಟಬಾಧೆಯ ವರದಿಯನ್ನು ಎರಡನೆಯ ಸಲ ಟೈಪು ಮಾಡುತ್ತಿದ್ದೆ. ಕಿಟಕಿ ತೆರೆದಿದ್ದರೆ ರಸ್ತೆ ಕಾಣುತ್ತಿತ್ತು.

ನಾನು ಬಚ್ಚಲ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಅತ್ತೆ. ಗಿಡಕ್ಕಾಗಿ ಅಳುತ್ತಿದ್ದೇನೆ ಎಂದು ಅಮ್ಮ ಅಂದುಕೊಂಡಿರಬೇಕು. ಪೋನೀಲೇ, ಹೋಗಲಿ ಬಿಡು ಎಂದಳು. ಅವಳು ಅಳಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಮುಖ ಬಿಗಿದುಕೊಂಡೇ ಇತ್ತು. ಪೊರಕೆಯನ್ನು ಮತ್ತೆ ಕೈಗೆ ತೆಗೆದುಕೊಂಡು ಕೇಳಿದಳು.

“ಒಂದು ಮಾತು ಹೇಳು. ಬಾಕಿ ರಾಗೀಲಿ ಒಂದಾದ್ರೂ ತಪ್ಪಿ ಕಿತ್ತಿದ್ನಾ?”

“ಇಲ್ಲಮ್ಮ. ಒಂದೂ ಇಲ್ಲ.”

“ನಿನ್ನ ಪುಸ್ತಕದಲ್ಲಿ ಹಂಗೇ ಐತಾ?”

“ಹಂಗೇ ಐತೆ. ಅರವತ್ತಮೂರೂ ಸರಿಯಾಗಿ ಗುರುತಿಸಿದೀಯ.”

ಅಮ್ಮನ ಮುಖ ಮೊದಲ ಸಲ ಸಡಿಲವಾಯಿತು. ಸೆರಗಿನಿಂದ ಕೈ ಒರೆಸಿಕೊಂಡಳು. ನಾನು ಹುಟ್ಟಿದಾಗಿನಿಂದ ಅವಳು ನನ್ನನ್ನು ಏನೂ ಕೇಳಿದವಳಲ್ಲ, ಸಂಬಳ ಬಂದಾಗ ಒಂದು ಸೀರೆಯನ್ನೂ ಕೇಳಿರಲಿಲ್ಲ.

“ಅಷ್ಟನ್ನ ಗಂಗುಲಪ್ಪಂಗೆ ಹೇಳ್ಬಿಡು. ನನ್ನ ಮಗಳು ಅನ್ನೋದು ಬೇಡ. ಅವಳ ಕಣ್ಣು ಸರಿಯಾಗೇ ಐತೆ ಅಂತ ಹೇಳು, ಸಾಕು. ಮೇಡಮ್ನೋರೇ ಹೇಳಿದ್ರು ಅಂತ ಅವನೇ ನಾಕೂರಲ್ಲಿ ಹೇಳ್ತಾನೆ.”

ಹೇಳ್ತೀನಿ ಎಂದೆ. ಆ ರಾತ್ರಿ ಅಲ್ಲೇ ಉಂಡು ಮಲಗಿ, ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ದಾರಿಯುದ್ದಕ್ಕೂ ಆ ಮಾತನ್ನು ಹೇಗೆ ಶುರು ಮಾಡಬೇಕೆಂದು ಯೋಚಿಸುತ್ತಿದ್ದೆ. ಹೇಳಿದರೆ, ಆ ಕೂಲಿಯವಳ ವಿಷಯ ನಿಮಗೇಕೆ ಮೇಡಂ ಎಂದು ಅವನು ಕೇಳುತ್ತಾನೆ. ಗೇಟಿನಲ್ಲಿ ಗಂಗುಲಪ್ಪ ಎದ್ದು ನಿಂತು ನಮಸ್ಕಾರ ಮಾಡಿದ. ನಾನು ತಲೆಯಾಡಿಸಿ ಒಳಗೆ ಹೋದೆ.